ಫುಲ್ ಫ್ರೇಮಿನಲ್ಲಿ ದ್ಯಾವಪ್ಪ

ಸಿಂಧನೂರಿನ ಸ್ಟುಡಿಯೋದವರೆಲ್ಲ ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲೇ ಮದುವೆ ಮುಗಿಸುತ್ತಿದ್ದಾಗ ಜಬೀವುಲ್ಲಾ ಮಾತ್ರ ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಕ್ಯಾಮೆರಾ ಕೊಂಡ. ಅಂದಿನಿಂದ ಅವನ ಕಾಲು ನೆಲದ ಮೇಲಿರಲಿಲ್ಲ.

"ಸೆನ್ಸರ್ ಅಂದ್ರ ಹೊಲ ಇದ್ದಂಗ. ದೊಡ್ಡದಿದ್ದಷ್ಟೂ ಬೆಳಕು ಹೆಚ್ಚು ಹಿಡೀತೈತಿ. ಹಿಂದಿಂದೆಲ್ಲ ಬೆಣ್ಣಿ ಕರಗಿದಂಗ ಕರಗತೈತಿ, ಥೇಟ್ ಸಿನಿಮಾ!" ಎಂದು ಚಹಾದಂಗಡಿಯಲ್ಲಿ ಕೇಳದವರಿಗೂ ಹೇಳಿದ.

"ಹಿಂದ ನಿಂತೋರೂ ಮದುವಿಗೆ ಬಂದೋರೇ ಅಲ್ಲೇನ್ರಿ?" ಎಂದ ಹೆಂಡತಿ ಮುಸರತ್‌ಳ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಹೊಸ ಕ್ಯಾಮೆರಾದ ಮೊದಲ ಮದುವೆ ಗೊರೇಬಾಳದ ಬಸ್ಸಪ್ಪನ ಮಗಳು ದೀಪಿಕಾಳದು. ಕಾಲುವೆ ನೀರಿನ ಜಗಳದಲ್ಲಿ ಮಾತು ಬಿಟ್ಟಿದ್ದ ಬಸ್ಸಪ್ಪನ ಅಣ್ಣ ದ್ಯಾವಪ್ಪ ಅಂದು ಯಾರೂ ನೆನೆಸದಂತೆ ಬಂದು ಅಕ್ಕಿಕಾಳು ಹಾಕಿದ್ದ. ಬಸ್ಸಪ್ಪ ಹಂದರದಲ್ಲೇ ಅತ್ತುಬಿಟ್ಟಿದ್ದ. ಈ ಕಡೆ ಮದುವೆ ವಿಡಿಯೋ ಎಂದರೆ ಯಾರು ಬಂದಿದ್ದರು ಎಂಬುದಕ್ಕೆ ಸಾಕ್ಷಿ. ಬಂಧುಗಳೆಲ್ಲ ಕೂಡಿಯೇ ನೋಡಬೇಕು. ಹಾಗಾಗಿ ಜಬೀವುಲ್ಲಾ ವಿಡಿಯೋ ತಂದ ದಿನ ಬಸ್ಸಪ್ಪ ಅಣ್ಣನನ್ನು ಕರೆಸಿ, ಟಿವಿಯ ಮುಂದೆಯೇ ಕುರ್ಚಿ ಹಾಕಿಸಿದ್ದ. ಮುರಿದ ಮನೆ ಕೂಡಲು ಒಂದು ಕಪ್ ಚಹಾ ಮಾತ್ರ ಬಾಕಿ ಇತ್ತು.

ಮದುವೆಯಲ್ಲಿ ಜಬೀವುಲ್ಲಾ ಲೆನ್ಸನ್ನು ಪೂರ್ತಿ ತೆರೆದು ಮದುಮಗಳ ಮೇಲೆ ಫೋಕಸ್ ಇಟ್ಟಿದ್ದ. ಟಿವಿಯಲ್ಲಿ ಅವಳ ಮೂಗುತಿಯ ಹರಳುಗಳೂ ಫಳಫಳ. ಅವಳ ಹಿಂದೆ ಅಕ್ಕಿಕಾಳು ಹಾಕುತ್ತಿದ್ದ ದ್ಯಾವಪ್ಪ ಮಾತ್ರ ಒಂದು ಬಿಳಿ ಉಂಡೆ. ರುಮಾಲು ಯಾವುದು, ಮುಖ ಯಾವುದು ತಿಳಿಯದು.

ದ್ಯಾವಪ್ಪ ಎದ್ದ. "ಸುದ್ದ್ಯಾಗ ಕಳ್ಳರ ಮಾರಿ ಹಿಂಗ ಮಸಕ್ ಮಾಡಿ ತೋರಸ್ತಾರ. ಕರದು ಕುಂದ್ರಿಸಿ ಮರ್ಯಾದಿ ತಗದ್ಯಲ್ಲೋ ತಮ್ಮಾ!"

ಬಸ್ಸಪ್ಪ ಅವನ ಹಿಂದೆಯೇ ಬಾಗಿಲಿಗೆ ಬಂದ. ಅಣ್ಣ ಆಗಲೇ ಅಂಗಳದಲ್ಲಿ ಚಪ್ಪಲಿ ಮೆಟ್ಟುತ್ತಿದ್ದ. ತನ್ನ ಸಿನಿಮಾ ಹುಚ್ಚಿನಿಂದ ಒಂದು ಮನೆ ಒಡೆಯಿತಲ್ಲ ಎಂದು ಜಬೀವುಲ್ಲಾ ಹೆಗಲಲ್ಲಿದ್ದ ಕ್ಯಾಮೆರಾ ಹಿಡಿದು ಹೊರಗೆ ಓಡಿದ.

"ಕಾಕಾ, ಯಾರೂ ಹೇಳಿ ಮಾಡ್ಸಿದ್ದಲ್ರಿ! ಈ ಕ್ಯಾಮೆರಾದಾಗ ಮುಂದಿನೋರು ಚೊಲೋ ಕಾಣ್ತಾರ, ಹಿಂದಿನೋರು ಮಸಕ್. ನಿಂದರ್ರಿ, ಈಗ ತೋರಸ್ತೀನಿ."

ಅಲ್ಲೇ ದ್ಯಾವಪ್ಪನ ವಿಡಿಯೋ ಹಿಡಿದು, ಕ್ಯಾಮೆರಾದ ಪುಟ್ಟ ಪರದೆಯನ್ನು ಅವನ ಮುಂದೆ ಚಾಚಿದ. ಮೀಸೆಯ ಒಂದೊಂದು ಕೂದಲೂ ಕಂಡಿತು. ಹಿಂದೆ ಬಾಗಿಲಲ್ಲಿ ನಿಂತಿದ್ದ ಬಸ್ಸಪ್ಪ ಉಂಡೆಯಾಗಿದ್ದ. ದ್ಯಾವಪ್ಪನ ಮುಖ ಅರಳಿತು.

"ಹಾಂ, ಇದು ಖರೇ ಕ್ಯಾಮೆರಾ ನೋಡು."

ಬಸ್ಸಪ್ಪನೂ ಬಂದು ಇಣುಕಿ ಸಪ್ಪಗಾದ. "ಯಣ್ಣಾ, ನಾ ಆಗಿಂದ ಕೈ ಮುಗದು ನಿಂತೀನಿ. ಅದಾ ಇದ್ರಾಗ ಕಾಣವಲ್ದು."

ದ್ಯಾವಪ್ಪ ಪರದೆಯಿಂದ ಕಣ್ಣು ತೆಗೆದು ತಮ್ಮನನ್ನು ನೋಡಿದ. ಕೈ ಇನ್ನೂ ಮುಗಿದೇ ಇತ್ತು.

"ನನಗ ಕಾಣತೈತಿ ಬಿಡು" ಎಂದು ಚಪ್ಪಲಿ ಕಳಚಿ ಒಳಗೆ ನಡೆದ.