ಹುಲ್ಲಿನೊಳಗಿನ ಡಬ್ಬಿ

ಕರು ಹಾಕಿದ ಹಸುವಿನ ಗರ್ಭಕೋಶ ಹೊರಬಿದ್ದು ಊದಿಕೊಂಡಿತ್ತು. ಬೇಗ ಒಳಗೆ ಸೇರಿಸದಿದ್ದರೆ ಹಸು ಉಳಿಯುವಂತಿರಲಿಲ್ಲ.

“ಒಂದಷ್ಟು ಸಕ್ಕರೆ ಕೊಡಿ. ಮೇಲೆ ಉದುರಿಸಿದ್ರೆ ನೀರು ಎಳ್ಕೊಂಡು ಊತ ಇಳಿಯುತ್ತೆ,” ಎಂದರು ಪಶುವೈದ್ಯೆ.

“ಸಕ್ಕರೆ ಕಾಯಿಲೆಯೋರ ಮನೇಲಿ ಸಕ್ಕರೆ ಎಲ್ಲಿಂದ ಬರಬೇಕು ಡಾಕ್ಟ್ರೇ? ಇವರಿಗೋಸ್ಕರ ನಾನೂ ಸಪ್ಪೆ ಟೀ ಕುಡೀತಿದೀನಿ,” ಎಂದಳು ಅಮ್ಮ, ಅಪ್ಪನ ಕಡೆ ಕೈ ತೋರಿಸಿ.

ಅಪ್ಪ ಹಸುವಿನ ಮುಖ ನೋಡಿದ. ಅಮ್ಮನ ಮುಖ ನೋಡಲಿಲ್ಲ. ಹುಲ್ಲಿನ ರಾಶಿಯೊಳಗೆ ಕೈ ಹಾಕಿ ದೊಡ್ಡದೊಂದು ಡಬ್ಬಿ ಎಳೆದು ತಂದ.

ಸಕ್ಕರೆ ತನ್ನ ಕೆಲಸ ಮಾಡಿತು. ಊತ ಇಳಿದ ಗರ್ಭಕೋಶವನ್ನು ವೈದ್ಯೆ ಮೆಲ್ಲಗೆ ಒಳಗೆ ಸೇರಿಸಿದರು.

ಹಸು ಎದ್ದು ನಿಂತ ಮೇಲೆ ಅಮ್ಮ ಡಬ್ಬಿ ಕೈಗೆತ್ತಿಕೊಂಡಳು. ಅಪ್ಪ ಅವಸರದಲ್ಲಿ ಹೇಳಿದ: “ಹಸುಗೇ ಅಂತ ಇಟ್ಟಿದ್ದು ಕಣೇ.”

ಅಮ್ಮ ಡಬ್ಬಿಯೊಳಗೆ ಇಣುಕಿದಳು.

“ಈ ಚಮಚಾನೂ ಹಸುಗೇನಾ?”