ಚೆನ್ನಾಗಿದ್ದೀನಿ ಸರ್

ಅಧಿಕಾರಿ ಕಿಟಕಿಯ ಗಾಜಿಗೆ ಢಿಕ್ಕಿ ಹೊಡೆಯುವ ನೊಣವನ್ನೇ ನೋಡುತ್ತಿದ್ದಾನೆ, ಎದುರಿಗೆ ಕೂತ ತನ್ನ ಗಂಡನನ್ನಲ್ಲ, ಎಂದು ಅವಳಿಗೆ ಹೊಳೆಯಿತು, ಅಂಗವಿಕಲ ವೇತನ ನಿಲ್ಲಿಸಿದ್ದು ತಪ್ಪು ಅಂತ ಮೇಲ್ಮನವಿ ಹಾಕಿದ್ದೀರಿ, ಏನಮ್ಮ ನಿಮ್ಮ ತಕರಾರು, ಅಂತ ಕೇಳುತ್ತಾನೆ, ತಕರಾರಂತೆ — ಉಣ್ಣುವ ತಟ್ಟೆ ಕಸಿದವರು ಇವರು, ತಕರಾರು ಮಾತ್ರ ಅವಳದು. ಆವತ್ತು ಪರೀಕ್ಷೆ ಮಾಡಿದ ಡಾಕ್ಟರ್ ಗಂಡನ ಕೈ ಕುಲುಕಿದ್ದೇ ದೊಡ್ಡ ಪರೀಕ್ಷೆ, ಹಿಡಿತ ಗಟ್ಟಿಯಾಗಿದೆಯಲ್ಲ, ಹೇಗಿದ್ದೀರಿ, ಚೆನ್ನಾಗಿದ್ದೀನಿ ಸರ್, ಕೆಲಸ ಮಾಡ್ತೀರಾ, ಯಾಕಾಗಲ್ಲ ಸರ್, ಅಷ್ಟೇ, ಕೆಲಸಕ್ಕೆ ಯೋಗ್ಯ ಎಂದು ಬರೆದು ಕೈ ತೊಳೆದುಕೊಂಡ. ಇವನು ಮೊದಲಿನಿಂದಲೂ ಹಾಗೆಯೇ, ಜ್ವರದಲ್ಲಿ ಮೈ ಕೆಂಡವಾಗಿದ್ದಾಗಲೂ ಚೆನ್ನಾಗಿದ್ದೀನಿ ಅನ್ನುವ ಮನುಷ್ಯ, ಲಿಫ್ಟ್ ರಿಪೇರಿ ಮಾಡುತ್ತಿದ್ದಾಗ ಜೊತೆಯವರು ಅಳಿಲು ಎಂದು ಕರೆಯುತ್ತಿದ್ದರು, ಲಿಫ್ಟಿನ ಕತ್ತಲ ಬಾವಿಯಲ್ಲಿ ಸರಸರ ಏರುತ್ತಿದ್ದ — ಒಂದು ದಿನ ಜಾರಿದ, ತಲೆ ಕಂಬಿಗೆ ಬಡಿಯಿತು, ಮೂಳೆಯೇನೋ ಕೂಡಿಕೊಂಡಿತು, ಕೂಡದೆ ಉಳಿದದ್ದು ಒಳಗಿನದು. ಕೈಗೆ ಬಲವಿದೆ, ದಾರಿ ಮರೆತಿದೆ, ಬಾಚಣಿಗೆ ಕೊಟ್ಟರೆ ಬಾಯಿಗೆ ಒಯ್ಯುತ್ತಾನೆ, ಚಪ್ಪಲಿ ಹಿಡಿದುಕೊಂಡೇ ನಿಂತಿರುತ್ತಾನೆ, ಆಮೇಲೆ ನಗುತ್ತಾನೆ, ಆ ನಗುವೇ ಇವರಿಗೆ ಸಾಕ್ಷಿಯಾಯಿತು. ನಾದಿನಿ ಬೇರೆ, ಬಿಟ್ಟುಬಿಡಿ ಅತ್ತಿಗೆ, ನಾಲ್ಕು ಜನರ ಮುಂದೆ ಅಣ್ಣನ ಮರ್ಯಾದೆ ಯಾಕೆ ಕಳೀತೀರಿ, ಆಹಾ, ಮರ್ಯಾದೆ ನಿನಗೆ ತಾಯಿ, ಲಾಂಡ್ರಿಯಲ್ಲಿ ಎರಡು ಪಾಳಿ ಇಸ್ತ್ರಿ ತಿಕ್ಕುವುದು ನನಗೆ, ಇವನನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುವುದೂ ನನಗೆ — ಕಿಟಕಿಯಿಂದ ಕೈ ಬೀಸುತ್ತಾನೆ, ಬೀಗ ಹಾಕಿದವಳಿಗೇ.

ಅಧಿಕಾರಿ ಈಗ ಗಂಡನತ್ತ ತಿರುಗಿದ, ಹೇಗಿದ್ದೀರಿ, ಅಯ್ಯೋ ಹೇಳಬೇಡಿ, ಇವತ್ತೊಂದು ದಿನ ಹೇಳಬೇಡಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಿಕೊಟ್ಟಿದ್ದಳು, ಆಗಲ್ಲ ಅನ್ನಿ ಸಾಕು, ಹೂಂ ಎಂದೂ ಅಂದಿದ್ದ — ಚೆನ್ನಾಗಿದ್ದೀನಿ ಸರ್. ನಿಮ್ಮ ಕೆಲಸ ನೀವೇ ಮಾಡ್ಕೊತೀರಾ. ಎಲ್ಲಾ ನಾನೇ ಸರ್, ಇವಳಿಗೆ ಸುಮ್ನೆ ಗಾಬರಿ. ಅಧಿಕಾರಿ ಪೆನ್ನು ತೆಗೆದ, ಒಂದ್ನಿಮಿಷ, ಬರೀಬೇಡಿ, ಎಂದದ್ದು ತನ್ನದೇ ದನಿ, ಎದ್ದು ನಿಂತದ್ದೂ ತಾನೇ, ಬಗ್ಗಿ ಗಂಡನ ಅಂಗಿಯ ಗುಂಡಿಗಳನ್ನು ಬಿಚ್ಚುತ್ತಿದ್ದಾಳೆ, ಮೇಲಿನಿಂದ ಕೆಳಗಿನವರೆಗೆ, ಬನಿಯನ್ನಿನ ತೂತು ಕಾಣುತ್ತಿದೆ — ಥೂ, ಇವನನ್ನು ಹೀಗೆ ಬಿಚ್ಚಿ ಕೂರಿಸುವ ಹಾಗೆ ಮಾಡಿದರಲ್ಲ, ಬಾಯಿಮಾತಿನಲ್ಲಿ ಹೇಳಿದ್ದು ಕಿವಿಗೆ ಬೀಳಲಿಲ್ಲವಲ್ಲ ಇವರಿಗೆ — ಹಾಕ್ಕೊಳ್ಳಿ, ಎಂದಳು, ಎಲ್ಲಾ ನೀವೇ ಮಾಡ್ಕೊತೀರಲ್ಲ, ಹಾಕ್ಕೊಳ್ಳಿ. ಅವನು ನಕ್ಕ, ಗುಂಡಿ ಹಿಡಿದ, ಗಟ್ಟಿಯಾಗಿಯೇ ಹಿಡಿದ, ಬೆರಳು ಕಾಲರಿಗೆ ಹೋಯಿತು, ಜೇಬಿಗೆ ಹೋಯಿತು, ಮತ್ತೆ ಗುಂಡಿಗೆ ಬಂತು, ನಗು ಸ್ವಲ್ಪಸ್ವಲ್ಪವೇ ಆರುತ್ತಿದೆ, ಆರಿಸಿದವಳು ತಾನು, ಅಲ್ಲ, ಇವರು, ಅಲ್ಲ — ಸಾಕಮ್ಮ, ಅಧಿಕಾರಿ ತಲೆ ತಗ್ಗಿಸಿಕೊಂಡು ಹೇಳುತ್ತಿದ್ದಾನೆ, ಗೊತ್ತಾಯ್ತು, ವೇತನ ಮತ್ತೆ ಶುರು ಮಾಡಿಸ್ತೀನಿ, ನೀವೇ ಹಾಕಿಬಿಡಿ. ಗೆದ್ದೆ ಅಂದುಕೊಳ್ಳಬೇಕೇ ಇದನ್ನು, ಎಲ್ಲಾದರೂ ಹಾಳಾಗಿ ಹೋಗಲಿ ಇವರ ಗೊತ್ತಾಗುವಿಕೆ, ಅವಳು ಕೈ ಚಾಚಿದಳು, ಅವನು ತಳ್ಳಿದ, ನಗದೆ, ಅವಳ ಮುಖ ನೋಡದೆ, ಇರು, ಆಗ್ತದೆ, ಬೆರಳುಗಳು ಗುಂಡಿ ಹಿಡಿದು ಎದೆಯ ಮೇಲೆಲ್ಲ ಕಾಜಾ ಹುಡುಕುತ್ತಿವೆ, ಸಿಗದೆ, ಮತ್ತೆ ಹುಡುಕುತ್ತಿವೆ, ಇರು, ಗುಂಡಿ, ಬೆರಳು, ಗುಂಡಿ —