ಹೊಸ ಕಾರಿನ ಹಿಂದಿನ ಸೀಟು

ಮೊದಲೇ ಹೇಳಿಬಿಡ್ತೀನಿ, ಕಾರು ನನ್ನದು. ನಮ್ಮನೆಯವರು, ಗುರುಚರಣ, ಅದಕ್ಕೆ ಹೊಣೆಯಲ್ಲ. ಅವರು ಕಾಲೇಜಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರು. ನಾಲ್ಕೇ ಸೆಕೆಂಡಿನಲ್ಲಿ ನೂರು ಕಿಲೋಮೀಟರ್ ವೇಗಕ್ಕೆ ಏರುವ ಎಲೆಕ್ಟ್ರಿಕ್ ಕಾರು ಮದರಾಸಿನ ಪೋರೂರಿನ ಟ್ರಾಫಿಕ್ಕಿನಲ್ಲಿ ಯಾಕೆ ಬೇಕು, ಇಲ್ಲಿ ಎಮ್ಮೆ ನಮಗಿಂತ ಮುಂಚೆ ಹೋಗುತ್ತೆ ಅಂದರು. ನನಗೆ ಐವತ್ತೆರಡು. ಆಪರೇಷನ್‌ಗೆ ಮುಂಚೆ ಅರಿವಳಿಕೆ ಕೊಡುವ ಡಾಕ್ಟರು ನಾನು. ಇಪ್ಪತ್ತೈದು ವರ್ಷ ಊರಿನವರನ್ನೆಲ್ಲ ಮಲಗಿಸಿ ಪಕ್ಕದಲ್ಲಿ ಎಚ್ಚರವಾಗಿ ಕೂತವಳು. ಒಂದು ಸಲವಾದರೂ ಜೋರಾಗಿ ಹೋಗಬೇಕು ಅನ್ನಿಸಿತು, ಅಷ್ಟೇ.

ಅದಕ್ಕಿಂತ ಮುಂಚೆ ಅತ್ತೆಯ ವಿಷಯ ಹೇಳಬೇಕು. ಭೀಮಾಬಾಯಿ, ಎಪ್ಪತ್ತೊಂಬತ್ತು ವರ್ಷ. ಕುಂಭಕೋಣದಿಂದ ಮದುವೆಯಾಗಿ ಮದರಾಸಿಗೆ ಬಂದು ಅರವತ್ತು ವರ್ಷ ಆಯಿತು. ನಮ್ಮ ಹತ್ತಿರ ಕನ್ನಡ, ತರಕಾರಿಯವನ ಹತ್ತಿರ ತಮಿಳು, ಕೈ ಮುಗಿದಾಗ ಮಠದ ರಾಯರ ಹತ್ತಿರ ಎರಡೂ. ಒಳ್ಳೆಯವರು, ಕೊಂಕು ಮಾತಿಲ್ಲ. ಆದರೆ ಮಡಿ ಅಂದರೆ ಮಡಿ. ಅದರಲ್ಲೂ ತೊಗಲು ಅಂದರೆ ದೂರ. ಮದುವೆಯಾದ ದಿನದಿಂದ ನನ್ನ ಹ್ಯಾಂಡ್‌ಬ್ಯಾಗು ಚಪ್ಪಲಿ ಸ್ಟ್ಯಾಂಡಿನ ಮೇಲೇ ಇರೋದು. ನಾನೂ ಒಂದು ದಿನ ಅದನ್ನು ಒಳಗೆ ತಂದವಳಲ್ಲ.

ಎರಡು ಸಾವಿರದ ಇಪ್ಪತ್ತೊಂದರ ಮೇ ತಿಂಗಳಲ್ಲಿ ನನಗೆ ಕೊರೊನಾ ಬಂತು. ನಮ್ಮದೇ ಆಸ್ಪತ್ರೆಯಲ್ಲಿ, ನಾನೇ ಬೇರೆಯವರಿಗೆ ಹಾಕುತ್ತಿದ್ದ ವೆಂಟಿಲೇಟರಿನಲ್ಲಿ ಹತ್ತೊಂಬತ್ತು ದಿನ ಮಲಗಿದ್ದೆ. ಆಗ ಅತ್ತೆ ಹರಕೆ ಹೊತ್ತರಂತೆ: ವೃಂದಾ ಎದ್ದು ಮನೆಗೆ ಬರಲಿ, ರಾಯರಿಗೆ ಲಕ್ಷಬತ್ತಿ ಅರ್ಪಿಸ್ತೀನಿ, ಒಂದೊಂದನ್ನೂ ನನ್ನ ಕೈಯಿಂದಲೇ ಹೊಸೆದು. ಎದ್ದು ಬಂದೆ. ಮಾರನೇ ದಿನದಿಂದ ಅವರು ಬೆಳಗ್ಗೆ ಸ್ನಾನ ಮಾಡಿ, ಮಡಿ ಉಟ್ಟು, ಹತ್ತಿ ಬಿಡಿಸಿ ಬತ್ತಿ ಹೊಸೆಯೋಕೆ ಕೂತರು. ದಿನಕ್ಕೆ ಎಪ್ಪತ್ತು. ಕಣ್ಣಿನ ಪೊರೆ ತೆಗೆಸಿದಾಗ ಎರಡು ತಿಂಗಳು ನಿಂತಿತು, ಕೈ ನಡುಕ ಶುರುವಾದಾಗ ದಿನಕ್ಕೆ ಐವತ್ತಕ್ಕಿಳಿಯಿತು, ಹಠಕ್ಕೆ ಬಿದ್ದು ಮತ್ತೆ ಎಪ್ಪತ್ತಕ್ಕೆ ತಂದರು. ನೂರಕ್ಕೊಂದು ಕಟ್ಟು ಕಟ್ಟಿ ಬಿದಿರಿನ ದೊಡ್ಡ ಬುಟ್ಟಿಯಲ್ಲಿ ಇಡುತ್ತಾ ಬಂದರು. ಈ ವರ್ಷ ಕಾರ್ತೀಕ ಹುಟ್ಟುವ ಹೊತ್ತಿಗೆ ಲಕ್ಷ ತುಂಬಿತು. ಅವರ ಎದೆಯ ಎಕೋ ರಿಪೋರ್ಟು ನನ್ನ ಬೀರುವಿನಲ್ಲಿದೆ. ಹೃದಯ ಮೂರರಲ್ಲಿ ಒಂದು ಪಾಲು ಕೆಲಸ ಮಾಡುತ್ತೆ. ಅವರಿಗೆ ಪೂರ್ತಿ ಹೇಳಿಲ್ಲ, ಗ್ಯಾಸು ಅಂತ ಹೇಳಿದ್ದೀನಿ.

ಕಾರು ಬಂದದ್ದೂ ಅದೇ ಕಾರ್ತೀಕದ ಒಂದು ಶುಕ್ರವಾರ. ನುಂಗಂಬಾಕ್ಕಂ ಶೋರೂಮಿನಲ್ಲಿ ಕೆಂಪು ಬಟ್ಟೆ ಹೊದಿಸಿ ನಿಲ್ಲಿಸಿದ್ದರು. ಸಾಯಿ ಅಂತ ಸೇಲ್ಸಿನ ಹುಡುಗ, ಕೋಟು ಹಾಕಿಕೊಂಡು, ಕೇಕ್ ಕೊಯ್ಯಿಸಿ, ರಟ್ಟಿನ ದೊಡ್ಡ ಕೀಲಿಕೈ ನನ್ನ ಕೈಗೆ ಕೊಟ್ಟು ಫೋಟೋ ತೆಗೆದ. ಕುಂಕುಮ, ತೆಂಗಿನಕಾಯಿ ನಮ್ಮದು. ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು ಇಟ್ಟು ಮೆಲ್ಲಗೆ ಮುಂದೆ ಬಿಟ್ಟೆ. ಎಂಜಿನ್ನಿನ ಸದ್ದೇ ಇಲ್ಲವಲ್ಲ, ನಾಲ್ಕೂ ನಿಂಬೆಹಣ್ಣು ಒಡೆದದ್ದು ಒಂದೊಂದಾಗಿ ಕೇಳಿಸಿತು. ನನಗೆ ನಾಚಿಕೆಯಿಲ್ಲದಷ್ಟು ಖುಷಿ.

ಮೂರು ತಿಂಗಳ ಹಿಂದೆ ಟೆಸ್ಟ್ ಡ್ರೈವಿನ ದಿನ ಇದೇ ಸಾಯಿ ಸೀಟಿನ ಮೇಲೆ ತಟ್ಟಿ, ಅಸಲಿ ಲೆದರ್ ಮೇಡಂ, ವಾಸನೆ ನೋಡಿ ಅಂದಿದ್ದ. ಆ ಕ್ಷಣಕ್ಕೇ ಅತ್ತೆಯ ಮುಖ ನೆನಪಾಯಿತು. ಅಯ್ಯೋ, ಅವರು ಇದರಲ್ಲಿ ಎಲ್ಲಿ ಕೂರ್ತಾರೆ, ಹಳೇ ಕಾರು ಇದೆಯಲ್ಲ ಅಂದುಕೊಂಡು ಬುಕ್ ಮಾಡಿದೆ. ಆಮೇಲೆ ಹಳೇ ಕಾರು ಮಾರಿದವಳೂ ನಾನೇ.

ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಅತ್ತೆ ತೀರ್ಮಾನ ಹೇಳಿದರು. ಹೊಸ ಗಾಡಿ ಮೊದಲು ತ್ರಿಪ್ಲಿಕೇನ್‌ನ ರಾಯರ ಮಠಕ್ಕೇ ಹೋಗಬೇಕು. ಬತ್ತಿಯೂ ನಾಳೆಯೇ ಅರ್ಪಣೆ ಆಗಲಿ, ಎರಡೂ ವೃಂದಾಳದ್ದೇ ಅಲ್ಲವಾ. ಆಗಲೇ ಹೇಳಬಹುದಿತ್ತು, ಹೇಳಲಿಲ್ಲ.

ಶನಿವಾರ ಬೆಳಗ್ಗೆ ಐದೂವರೆಗೆ ಪಟ್ಟೆಸೀರೆಯ ಮಡಿಯಲ್ಲಿ, ಎದೆಗೆ ಬುಟ್ಟಿ ಅವಚಿಕೊಂಡು ಲಿಫ್ಟಿನಿಂದ ಇಳಿದರು. ಹೆಗಲ ಮೇಲೆ ಧಾಬಳಿ. ಅದು ಉಣ್ಣೆಯ ವಸ್ತ್ರ, ಅದಕ್ಕೆ ಮೈಲಿಗೆಯಿಲ್ಲ. ಪ್ರಯಾಣಕ್ಕೆ ಹೊರಟರೆ ಅದನ್ನು ಸೀಟಿನ ಮೇಲೆ ಹಾಸಿ ಕೂರೋದು ಅವರ ಪದ್ಧತಿ. ಆದರೆ ತೊಗಲಿನ ಮೇಲೆ ಧಾಬಳಿ ಹಾಸಿದರೂ ನಡೆಯೋಲ್ಲ. ಇದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದಿನ ಬಾಗಿಲು ತೆರೆದು ನಿಂತೆ. ಅವರು ಸೀಟನ್ನು ನೋಡಿದರು, ನನ್ನನ್ನು ನೋಡಿದರು.

"ವೃಂದಾ, ಇದು ತೊಗಲಲ್ಲ ತಾನೆ?"

"ರೆಕ್ಸಿನ್, ಅತ್ತೆ," ಅಂದೆ. "ನಮ್ಮ ಹಳೇ ಸೋಫಾ ಥರ."

ಒಂದು ಉಸಿರು ಕೂಡ ತಡೆಯದೆ ಹೇಳಿದೆ. ನಿಜ ಹೇಳಿದ್ದರೆ ಅವರು ಬೈಯುತ್ತಿರಲಿಲ್ಲ, ಮುನಿಸಿಕೊಳ್ಳುತ್ತಲೂ ಇರಲಿಲ್ಲ. ಸುಮ್ಮನೆ ಆಟೋ ಹಿಡಿಯುತ್ತಿದ್ದರು. ನಾನು ಖಾಲಿ ಕಾರು ಓಡಿಸಿಕೊಂಡು ಹಿಂದೆ ಹೋಗಬೇಕಿತ್ತು. ಅದೊಂದು ನನ್ನಿಂದ ಆಗಲಿಲ್ಲ. ಹೊಸ ಕಾರಿನ ಮೊದಲ ಸವಾರಿಯಲ್ಲಿ ನನ್ನ ಅತ್ತೆ ಕೂತಿರಬೇಕು, ನೋಡಿ ಮೆಚ್ಚಬೇಕು. ಎಂಥ ಚಪಲ ನೋಡಿ.

ಧಾಬಳಿ ಹಾಸಿ ಕೂತರು, ಬುಟ್ಟಿಯನ್ನು ಅದರ ಮೇಲೇ ಪಕ್ಕದಲ್ಲಿ ಇಟ್ಟುಕೊಂಡರು. ಬೆಲ್ಟಿಗೂ ಒಂದು ಮಡಿಪಂಚೆ ಸುತ್ತಿಸಿದರು. ಗುರುಚರಣ ಮುಂದೆ ನನ್ನ ಪಕ್ಕ, ತೊಡೆಯ ಮೇಲೆ ಹಣ್ಣುಕಾಯಿ. ಹೊರಟೆವು. ಸ್ವಲ್ಪ ದೂರ ಹೋದ ಮೇಲೆ ಅತ್ತೆ, ಇನ್ನೂ ಗಾಡಿ ಶುರು ಮಾಡಿಲ್ಲವಾ ಅಂತ ಕೇಳಿದರು. ಗುರುಚರಣ ನಕ್ಕು, ಅಮ್ಮ, ಇದು ನಿನ್ನ ಸೊಸೆಯ ಪೇಷೆಂಟುಗಳ ಹಾಗೆ, ಸದ್ದೇ ಮಾಡಲ್ಲ ಅಂದರು. ಅತ್ತೆಯೂ ನಕ್ಕರು. ನಾನೊಬ್ಬಳೇ ಕನ್ನಡಿಯಲ್ಲಿ ಸೀಟನ್ನು ನೋಡುತ್ತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಯಾರೂ ಕಳ್ಳಿ ಅಂದಿರಲಿಲ್ಲ, ಹೆಗಲು ಮಾತ್ರ ಮುಟ್ಟಿಕೊಳ್ಳುತ್ತಲೇ ಇದ್ದೆ.

ಕತ್ತಿಪಾರ ಫ್ಲೈಓವರಿನ ಮೇಲೆ ರಸ್ತೆ ಖಾಲಿ. ಇದು ಎಷ್ಟು ಜೋರಾಗಿ ಹೋಗುತ್ತೆ, ತೋರಿಸು ನೋಡೋಣ ಅಂದವರು ಅತ್ತೆಯೇ. ಒತ್ತಿದೆ. ಬೆನ್ನು ಸೀಟಿಗೆ ಅಂಟಿಕೊಂಡಿತು. ಹಿಂದಿನಿಂದ ಎಳೇ ಹುಡುಗಿಯ ನಗು ಕೇಳಿಸಿತು. ಇಪ್ಪತ್ತೇಳು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿರಲಿಲ್ಲ. ಇಳಿಜಾರಿನಲ್ಲಿ ಅಡ್ಡಲಾಗಿ ನೀರಿನ ಟ್ಯಾಂಕರ್ ಬಂತು, ಬ್ರೇಕ್ ಒತ್ತಿದೆ. ಧಾಬಳಿ ಜಾರಿತು, ಬುಟ್ಟಿ ಮಗುಚಿತು, ಬತ್ತಿಯ ಕಟ್ಟುಗಳು ಸೀಟಿನ ಮೇಲೆಲ್ಲ ಚೆಲ್ಲಿದವು.

ಕಾರನ್ನು ಪಕ್ಕಕ್ಕೆ ನಿಲ್ಲಿಸಿದೆ. ಅತ್ತೆಗೆ ಸಿಟ್ಟೇ ಇಲ್ಲ. ನಡುಗುವ ಬೆರಳಿನಲ್ಲಿ ಒಂದೊಂದೇ ಕಟ್ಟು ಆರಿಸಿ ಬುಟ್ಟಿಗೆ ಹಾಕಿಕೊಂಡರು. ನಾನು ಹಿಂದೆ ತಿರುಗಿ ಕೈ ಚಾಚಿದರೆ, ನೀನು ಮುಟ್ಟಬೇಡ, ಮಡಿಯಲ್ಲಿಲ್ಲ ಅಂದರು. ಕಡೇ ಕಟ್ಟು ಎತ್ತುವಾಗ, ರೆಕ್ಸಿನ್ ಆದದ್ದು ಒಳ್ಳೇದಾಯಿತು, ಪರವಾಗಿಲ್ಲ ಅಂತ ತಮಗೆ ತಾವೇ ಹೇಳಿಕೊಂಡರು. ಅಲ್ಲಿಂದ ತ್ರಿಪ್ಲಿಕೇನ್‌ವರೆಗೆ ನಾನು ನಲವತ್ತು ದಾಟಲಿಲ್ಲ.

ಮಠದಲ್ಲಿ ಎಲ್ಲ ಸಿದ್ಧವಾಗಿತ್ತು. ದೊಡ್ಡ ಹಿತ್ತಾಳೆ ಹರಿವಾಣ, ಕರಗಿಸಿದ ತುಪ್ಪ. ಬತ್ತಿಯನ್ನು ಹರಿವಾಣಕ್ಕೆ ಸುರಿದು, ತುಪ್ಪ ಹೊಯ್ದು, ರಾಯರ ವೃಂದಾವನದ ಎದುರಿಗೆ ಹಚ್ಚೋದು ಕ್ರಮ. ಅತ್ತೆ ಬುಟ್ಟಿಯನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಜೀವ ನಿನ್ನದು. ಮೊದಲ ಜ್ಯೋತಿ ನೀನೇ ಮುಟ್ಟಿಸು."

ನನ್ನ ಕೈ ಏಳಲಿಲ್ಲ. ನಾನು ಅಂಥ ಭಕ್ತೆಯೇನಲ್ಲ, ತೊಗಲು ಸೋಕಿದರೆ ದೇವರು ಮುಖ ತಿರುಗಿಸ್ತಾನೆ ಅಂತ ನಂಬಿದವಳೂ ಅಲ್ಲ. ಆದರೆ ಈ ಬತ್ತಿ ಹೊಸೆದವರು ನಂಬಿದ್ದಾರೆ. ನಾಲ್ಕೂವರೆ ವರ್ಷದ ಅವರ ಬೆಳಗುಗಳು ಅವು. ಅದಕ್ಕೆ ನನ್ನ ಸುಳ್ಳು ಬೆರೆಸಿ, ನಾನೇ ಬೆಂಕಿ ಹಚ್ಚಲಾ? ಬಾಯಿ ಬಿಟ್ಟರೆ ಬಣ್ಣಗೇಡು ಅಂತ ಗೊತ್ತಿದ್ದೂ ಬಾಯಿ ಬಿಟ್ಟೆ.

"ಅತ್ತೆ, ಸೀಟು ತೊಗಲಿನದು. ನಾನು ಸುಳ್ಳು ಹೇಳಿದೆ."

"ನಿಜವಾಗಿಯೂ?"

"ನಿಜ."

ಗುರುಚರಣ ನನ್ನ ಮುಖ ನೋಡಿದರು. ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಬಿದ್ದ ಕಟ್ಟುಗಳನ್ನು ಮಾತ್ರ ತೆಗೆದುಬಿಡೋಣ ಅಂತ ಗುರುಚರಣ ಮೆಲ್ಲಗೆ ಹೇಳಿ ನೋಡಿದರು. ಯಾವುದು ಬಿದ್ದದ್ದು, ಯಾವುದು ಬೀಳದ್ದು, ಎಲ್ಲ ಒಂದಾಗಿದೆಯಲ್ಲಪ್ಪ ಅಂದರು ಅತ್ತೆ. ಬುಟ್ಟಿಯ ಬಾಯಿಗೆ ಬಟ್ಟೆ ಕಟ್ಟಿದರು. ರಾಯರಿಗೆ ದೂರದಿಂದಲೇ ಕೈ ಮುಗಿದು ಹೊರಗೆ ನಡೆದರು.

ಮೈಲಿಗೆಯಾದ ಬತ್ತಿಯನ್ನು ನೀರಿಗೇ ಬಿಡಬೇಕು, ಸಮುದ್ರ ಅಲ್ಲಿಂದ ಹತ್ತಿರ. ಅವರು ಆಟೋದಲ್ಲಿ ಕೂತರು, ಗುರುಚರಣ ಅವರ ಜೊತೆ. ನಾನು ಹಿಂದೆ ಖಾಲಿ ಕಾರಿನಲ್ಲಿ. ಯಾವುದು ಬೇಡ ಅಂತ ಸುಳ್ಳು ಹೇಳಿದ್ದೆನೋ ಅದೇ ಆಯಿತು. ಮರೀನಾದಲ್ಲಿ ವಾಕಿಂಗಿನವರ ನಡುವೆ ಮರಳು ದಾಟಿ, ಮೊಣಕಾಲವರೆಗೆ ನೀರಿಗಿಳಿದು, ಬುಟ್ಟಿಯನ್ನು ಬಗ್ಗಿಸಿದರು. ಹತ್ತಿ ಬೇಗ ಮುಳುಗೋಲ್ಲ. ಬೆಳ್ಳಗೆ ತೇಲಿಕೊಂಡು ಹೋಗಿ, ಅಲೆಯ ಜೊತೆ ಮತ್ತೆ ಅವರ ಕಾಲಿನ ಹತ್ತಿರಕ್ಕೇ ಬಂದವು. ಅವರು ಬಗ್ಗಿ ಕೈಯಿಂದ ಆಚೆ ತಳ್ಳಿದರು. ನಾನು ದಡದಲ್ಲಿ ನಿಂತು ಅಳುತ್ತಿದ್ದೆ. ಯಾರಾದರೂ ಎರಡು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಮಾರನೇ ದಿನ ಬೆಳಗ್ಗೆ ಐದು ಗಂಟೆಗೆ ಅವರ ಸ್ನಾನದ ಸದ್ದು ಕೇಳಿಸಿತು. ಹೊರಗೆ ಬಂದು ನೋಡಿದರೆ ಹೊಸ ಹತ್ತಿ, ಖಾಲಿ ಬುಟ್ಟಿ. ಮೊದಲಿನಿಂದ ಶುರು ಮಾಡಿದ್ದರು.

ಎರಡು ವಾರ ಕಾರು ಕೆಳಗೇ ಧೂಳು ಹಿಡಿಯಿತು. ನಾನು ಆಸ್ಪತ್ರೆಗೆ ನಡೆದುಕೊಂಡೇ ಹೋದೆ. ಮಾರಿಬಿಡೋಣ ಅಂದರೆ, ಮಾರಿದರೆ ಬತ್ತಿ ವಾಪಸ್ ಬರುತ್ತಾ ಅಂದರು ಗುರುಚರಣ. ಕಡೆಗೆ ಸಾಯಿಗೆ ಫೋನು ಮಾಡಿದೆ. ಎಷ್ಟಾದರೂ ಆಗಲಿ, ಆ ತೊಗಲನ್ನೆಲ್ಲ ಕಿತ್ತು ಬಟ್ಟೆಯ ಸೀಟು ಹಾಕಿಸಿಕೊಡಿ ಅಂದೆ.

"ಮೇಡಂ, ನಿಮ್ಮ ಕಾರಿನಲ್ಲಿ ಲೆದರೇ ಇಲ್ಲವಲ್ಲ."

ಟೆಸ್ಟ್ ಡ್ರೈವಿಗೆ ಕೊಟ್ಟದ್ದು ಹಳೇ ಮಾಡೆಲ್ಲಂತೆ, ಅದರಲ್ಲಿ ಅಸಲಿ. ಈ ವರ್ಷದ್ದರಲ್ಲಿ ಪ್ರಾಣಿಯ ಚರ್ಮ ಒಂದಿಂಚೂ ಇಲ್ಲ, ಎಲ್ಲ ನಕಲಿ, ನೋಡೋಕೆ ಮಾತ್ರ ಹಾಗೆ. ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಇದೆ ಅಂದ. ಕೆಳಗಿಳಿದು ಹೋಗಿ ನೋಡಿದೆ. ಇತ್ತು. ವೇಗ, ಬ್ಯಾಟರಿ, ಎಷ್ಟು ಸೆಕೆಂಡು ಅಂತ ಇದ್ದ ಹಾಳೆಗಳನ್ನು ಹತ್ತು ಸಲ ಓದಿದ್ದೆ. ಸೀಟಿನ ಹಾಳೆ ತಿರುಗಿಸಿರಲಿಲ್ಲ.

ಅಂದರೆ ಅವತ್ತು ನಾನು ಹೇಳಿದ ಸುಳ್ಳೇ ನಿಜ. ನಿಜ ಅಂತ ಹೇಳಿದ್ದು ಸುಳ್ಳು. ಬಾಯಿ ಮುಚ್ಚಿಕೊಂಡಿದ್ದರೆ ಲಕ್ಷ ಬತ್ತಿಯೂ ಬೆಳಗುತ್ತಿದ್ದವು. ಕಾರಿನಲ್ಲೇ ಕೂತು ಹಣೆ ಹಣೆ ಚಚ್ಚಿಕೊಂಡೆ. ಮನಸ್ಸಿನ ಭಾರ ಇಳಿಸಿಕೊಳ್ಳೋಕೆ ಹೋಗಿ ಅವರ ನಾಲ್ಕೂವರೆ ವರ್ಷವನ್ನು ನೀರಿಗೆ ಹಾಕಿಸಿದ್ದೆ.

ಹೇಳಲೇಬೇಕು ಅಂತ ನಿಶ್ಚಯಿಸಿ ಮೇಲೆ ಬಂದೆ. ಅತ್ತೆ ಬಾಲ್ಕನಿಯ ಬಿಸಿಲಿಗೆ ಹತ್ತಿ ಹರವಿಕೊಂಡು ಕೂತಿದ್ದರು. ನಾನು ಮಾರು ದೂರದಲ್ಲಿ ನೆಲದ ಮೇಲೆ ಕೂತೆ. ಅತ್ತೆ, ಆ ಸೀಟಿನ ವಿಷಯ ಅಂತ ಶುರು ಮಾಡಿದೆ. ಅವರು ಕೈಯೆತ್ತಿ ನಿಲ್ಲಿಸಿದರು.

"ಇನ್ನೂ ಅದನ್ನೇ ಹಿಡಕೊಂಡು ಕೊರಗಬೇಡ. ಸುಳ್ಳು ಎಲ್ಲರೂ ಹೇಳ್ತಾರೆ. ರಾಯರ ಎದುರಿಗೆ ನಿಂತು ನಿಜ ಒಪ್ಪಿಕೊಂಡೆಯಲ್ಲ, ಅದಕ್ಕೆ ಲಕ್ಷಬತ್ತಿ ಹೋದರೂ ನನಗೆ ನಷ್ಟ ಅನ್ನಿಸಲಿಲ್ಲ."

ಬಿಸಿ ತುಪ್ಪ ಬಾಯಲ್ಲಿತ್ತು. ಉಗುಳಲಿಲ್ಲ, ನುಂಗಿದೆ. ಅವರ ಹತ್ತಿರ ಉಳಿದಿದ್ದದ್ದು ಆ ಒಂದು ಸಮಾಧಾನ. ಅದನ್ನೂ ಕಿತ್ತುಕೊಳ್ಳಲಾ?

ನಾನೂ ನಾಳೆಯಿಂದ ಬತ್ತಿ ಹೊಸೆದುಕೊಡ್ತೀನಿ, ಬೇಗ ಮುಗಿಯುತ್ತೆ ಅಂದೆ. ಆಗೋಲ್ಲ, ಹರಕೆ ಹೊತ್ತ ಕೈಯೇ ಹೊಸೆಯಬೇಕು ಅಂದರು. ಬೇಕಾದರೆ ಮಡಿಯುಟ್ಟು ಬಂದು ಹತ್ತಿಯಿಂದ ಬೀಜ ಬಿಡಿಸಿಕೊಡು ಅಂದರು.

ಈಗ ದಿನಾ ಐದಕ್ಕೇ ಏಳ್ತೀನಿ. ಒದ್ದೆ ತಲೆಯಲ್ಲಿ ಅವರ ಎದುರಿಗೆ ಕೂತು ಬೀಜ ಬಿಡಿಸ್ತೀನಿ. ಅವರು ಹೊಸೆಯುತ್ತಾ ನಡುವೆ ಉಸಿರು ತಗೊಳ್ಳೋಕೆ ನಿಲ್ಲಿಸ್ತಾರೆ, ಗ್ಯಾಸು ಅಂತಾರೆ, ನಾನೂ ಹೌದು ಅಂತೀನಿ. ಲಕ್ಷಕ್ಕೆ ಇನ್ನು ಎಷ್ಟು ವರ್ಷ ಬೇಕು ಅಂತ ಮೊನ್ನೆ ಮಗನನ್ನು ಕೇಳಿದರು. ದಿನಕ್ಕೆ ಎಪ್ಪತ್ತಾದರೆ ನಾಲ್ಕು ವರ್ಷ ಅಂತ ಗಣಿತದ ಮೇಷ್ಟ್ರು ಹೇಳಿದರು. ಅಷ್ಟೇನಾ, ಆಯಿತು ಬಿಡು ಅಂದರು ಅತ್ತೆ. ನಾನು ತಲೆ ಎತ್ತದೆ ಬೀಜ ಬಿಡಿಸಿದೆ.